ಏಳನೇ ಕ್ಯಾಸೆಟ್ಟಿನ ಗುಂಡು

ಸುಂಟಿಕೊಪ್ಪದಲ್ಲಿ ಬಸ್ಸಿಳಿದು ನಾಲ್ಕು ಹೆಜ್ಜೆ ಹಿಂದಕ್ಕೆ ನಡೆದರೆ ಒಂದು ರೇಡಿಯೊ ರಿಪೇರಿ ಅಂಗಡಿ ಸಿಗುತ್ತದೆ. ರೇಡಿಯೊ ಹಿಡಿದುಕೊಂಡು ಅಲ್ಲಿಗೆ ಯಾರೂ ಹೋಗದೆ ವರ್ಷಗಳಾದವು. ಈಗ ಹೋಗುವವರೆಲ್ಲ ಮೊಬೈಲಿಗೆ ಗಾಜು ಹಾಕಿಸಿಕೊಂಡು ಬರುತ್ತಾರೆ. ಊರೆಲ್ಲ ಕಾಕ ಎಂದು ಕರೆಯುವ ಅಂಗಡಿಯ ಯಜಮಾನರು ಮಾತ್ರ ಬೋರ್ಡು ಬದಲಿಸಿಲ್ಲ. ಕೇಳಿದರೆ, "ನಾಳೆ ರೇಡಿಯೊ ವಾಪಸ್ ಬಂದ್ರೆ ಮತ್ತೆ ಬರೆಸೋದು ಯಾರು ರೈಟ್ರೇ?" ಎನ್ನುತ್ತಾರೆ.

ರೈಟರ್ ಎಂದರೆ ನಾನು. ಮೂವತ್ತಾರು ವರ್ಷ ಕಾಫಿ ಎಸ್ಟೇಟುಗಳಲ್ಲಿ ರೈಟರ್ ಆಗಿದ್ದವನು. ಹಾಸನದ ಕಡೆಯ ನಮ್ಮ ನೆಂಟರು ನಾನು ಕತೆ ಬರೆಯುತ್ತೇನೆಂದು ಬಹಳ ಕಾಲ ನಂಬಿದ್ದರು. ಗೌರವ ಸಿಗುತ್ತಿದ್ದುದರಿಂದ ನಾನೂ ತಿದ್ದಲು ಹೋಗಲಿಲ್ಲ. ನಾನು ಬರೆದದ್ದು ಆಳುಗಳ ಹಾಜರಿ, ಪಿಕ್ಕಿಂಗಿನ ತೂಕ ಮತ್ತು ಮಳೆ. ಇಷ್ಟು ಇಂಚು, ಇಷ್ಟು ಸೆಂಟು, ಅಂದರೆ ಇಂಚಿನ ನೂರನೇ ಪಾಲು. ಮೂವತ್ತಾರು ವರ್ಷ ಕೊಡಗಿನ ಮೇಲೆ ಬಿದ್ದ ನೀರಿನಲ್ಲಿ ನನ್ನ ಅಳತೆಗೆ ಸಿಕ್ಕದ್ದನ್ನೆಲ್ಲ ಬರೆದಿಟ್ಟಿದ್ದೇನೆ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನು ಮಾತ್ರ ಬೇಕಾದ ಸಮಯಕ್ಕೆ ಅದನ್ನು ಮರೆತೆ.

ನಿವೃತ್ತಿಯಾದ ಮೇಲೆ ನಾನೂ ಕಾಕನೂ ಸೇರಿ, ಅಂಗಡಿಯ ಹಿಂದಿನ ಕೋಣೆಯಲ್ಲಿ, ಎರಡು ಸ್ಟೂಲುಗಳ ಮೇಲೆ ಒಂದು ಸಮಿತಿಯನ್ನು ಸ್ಥಾಪಿಸಿದೆವು. ಸಮಿತಿಗೆ ಹೆಸರಿಲ್ಲ, ಸೀಲಿಲ್ಲ. ಅಧ್ಯಕ್ಷರ ಆಯ್ಕೆಯನ್ನು ಮೊದಲ ಸಭೆಯಲ್ಲೇ ಸರ್ವಾನುಮತದಿಂದ ಮುಂದೂಡಲಾಯಿತು. ಸಮಿತಿಯ ಉದ್ದೇಶ ಒಂದೇ: ಒಬ್ಬ ಕಾಂಪೌಂಡರು ಹಾಡಿದ ಹನ್ನೊಂದು ಕ್ಯಾಸೆಟ್ಟುಗಳ ಚರಿತ್ರೆಯನ್ನು ಜೋಡಿಸುವುದು.

ಈ ಕಾಂಪೌಂಡರು ಸುಂಟಿಕೊಪ್ಪದಾಚೆಯ ಒಂದು ಎಸ್ಟೇಟಿನ ಡಿಸ್ಪೆನ್ಸರಿಯಲ್ಲಿದ್ದರು. ವಾರದ ಆರು ದಿನ ಕೆಂಪು ಔಷಧಿ, ಬಿಳಿ ಔಷಧಿ. ಭಾನುವಾರ ಮಧ್ಯಾಹ್ನ ಜಗಲಿಯ ಮೇಲೆ ಹಾರ್ಮೋನಿಯಂ. ಕನ್ನಡದಲ್ಲಿ ಶುರುವಾದ ಹಾಡು ಅರೆಭಾಷೆಗೆ ಹೊರಳಿ, ಮಲಯಾಳಕ್ಕೆ ಹೋಗಿ, ಕೊನೆಗೆ ಭಾಷೆಯೇ ಬೇಡವೆನಿಸಿ ಬರೀ ರಾಗವಾಗುತ್ತಿತ್ತು. ಕೇಳುವವರು ಆಳುಗಳ ಲೈನ್ ಮನೆಗಳಿಂದ ಬಂದವರು, ಅಕ್ಕಪಕ್ಕದ ತೋಟದವರು, ಮತ್ತು ಔಷಧಿಗೆಂದು ಬಂದು ಕಾಯಿಲೆ ಮರೆತವರು. ಮುಂದೆ ಅವರು ಮೈಸೂರಿನಲ್ಲಿ ಒಂದು ಕ್ಯಾಸೆಟ್ಟನ್ನು ಸರಿಯಾಗಿ, ಸ್ಟುಡಿಯೋದಲ್ಲಿ ಮಾಡಿದ್ದುಂಟು. ಅದರಲ್ಲಿ ಡ್ರಮ್ಮಿದೆ, ಗಿಟಾರಿದೆ, ಕೊಳಲಿದೆ, ಕಾಂಪೌಂಡರನ್ನು ಹುಡುಕಬೇಕು. ಈಗ ಅವರಿಲ್ಲ. ಅವರು ನಿಜವಾಗಿ ಹೇಗೆ ಹಾಡುತ್ತಿದ್ದರು ಎಂಬುದಕ್ಕೆ ಆ ಹನ್ನೊಂದು ಕ್ಯಾಸೆಟ್ಟುಗಳೇ ಸಾಕ್ಷಿ.

ಅವನ್ನು ರೆಕಾರ್ಡ್ ಮಾಡಿದ್ದು ಅದೇ ಎಸ್ಟೇಟಿನ ಲಾರಿ ಡ್ರೈವರ್. ಅವನ ಭಾವ ಗಲ್ಫಿನಿಂದ ಒಂದು ಟೇಪ್ ರೆಕಾರ್ಡರ್ ತಂದುಕೊಟ್ಟಿದ್ದ. ಅದನ್ನು ಜಗಲಿಯ ಬೆಂಚಿನ ಮೇಲಿಟ್ಟು, ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿ, ಮರೆತುಬಿಡುತ್ತಿದ್ದ. ಹಾಗಾಗಿ ಹಾಡಿನ ಜೊತೆ ನಾಯಿ, ಮಗು, ಕೆಮ್ಮು, ಬಸ್ಸಿನ ಹಾರ್ನು ಎಲ್ಲವೂ ಶಾಶ್ವತವಾದವು. ಟೇಪ್ ರೆಕಾರ್ಡರ್ ಬಂದದ್ದು ಒಂದು ಮಳೆಗಾಲ ಮುಗಿದ ಮೇಲೆ; ಕಾಂಪೌಂಡರಿಗೆ ಬೇರೆ ಎಸ್ಟೇಟಿಗೆ ವರ್ಗವಾದದ್ದು ಮುಂದಿನ ಮಳೆಗಾಲಕ್ಕೆ ಮೊದಲು. ಅಂದರೆ ಹನ್ನೊಂದೂ ಆ ಒಂದೇ ಎಂಟು ತಿಂಗಳ ಭಾನುವಾರಗಳವು. ಆಮೇಲೆ ಕೈಯಿಂದ ಕೈಗೆ ಹೋಗಿ ಚದುರಿದವು. ಎಂಟು ಸಿಕ್ಕಿದ್ದು ಕಾಕನ ಅಂಗಡಿಯ ಗೋಣಿಚೀಲದಲ್ಲಿ. ಎರಡು ಅಮ್ಮತ್ತಿಯ ಒಬ್ಬ ಟೈಲರ್ ಹತ್ತಿರ ಇದ್ದವು. ಒಂದು ಕರಿಕೆಯಿಂದ ಬಂತು. ಅದರ ಅರ್ಧದ ಮೇಲೆ ಯಾರೋ ತಮ್ಮ ಮನೆಯ ಮದುವೆಯ ಊಟದ ಗದ್ದಲವನ್ನು ರೆಕಾರ್ಡ್ ಮಾಡಿಕೊಂಡಿದ್ದರು. ಸಾರು ಕೇಳುವ ಆ ಧ್ವನಿಯನ್ನು ಸಮಿತಿ ಇನ್ನೂ ಕ್ಷಮಿಸಿಲ್ಲ.

ಇವುಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ? ಇದು ನಾವು ಬಿಡಿಸಬೇಕಾಗಿದ್ದ ಪ್ರಶ್ನೆ. ಹಳೆಯ ಹಾಜರಿ ಪುಸ್ತಕವೊಂದು ಖಾಲಿ ಇತ್ತು. ಅದರಲ್ಲಿ ಆಳುಗಳ ಹೆಸರಿನ ಜಾಗದಲ್ಲಿ ಕ್ಯಾಸೆಟ್ಟಿನ ನಂಬರು ಬರೆದು, ಕೆಲಸದ ಜಾಗದಲ್ಲಿ ಹಾಡು ಬರೆದು, ಷರಾ ಕಾಲಮ್ಮಿನಲ್ಲಿ ನಮ್ಮ ತೀರ್ಮಾನ ಬರೆಯತೊಡಗಿದೆವು. ಇಂಕಿನಲ್ಲೇ. ಹಾಜರಿ ಪುಸ್ತಕದಲ್ಲಿ ಪೆನ್ಸಿಲ್ ಬಳಸುವವನು ರೈಟರ್ ಅಲ್ಲ.

ನಾಲ್ಕನೇ ಕ್ಯಾಸೆಟ್ಟು ನಮ್ಮನ್ನು ತಿಂಗಳುಗಟ್ಟಲೆ ಕಾಡಿತು. ಅದರಲ್ಲಿ ಹಾಡಿನ ನಡುವೆ ಒಬ್ಬ ಮನುಷ್ಯ ಭಯಂಕರವಾಗಿ ಕೆಮ್ಮುತ್ತಾನೆ. ಯಾರಿರಬಹುದೆಂದು ಕಾಕ ಹನ್ನೆರಡು ಮಂದಿಯ ಪಟ್ಟಿ ಮಾಡಿದರು. ಒಂದು ದಿನ ಮನೆಯಲ್ಲಿ ಅದನ್ನು ಕೇಳುತ್ತಿದ್ದಾಗ ನನ್ನ ಹೆಂಡತಿ ಒಳಗಿನಿಂದಲೇ ಕೂಗಿದಳು: "ರೀ, ಎಷ್ಟು ಸಲ ಹೇಳಿದೀನಿ, ಕೆಮ್ಮು ಬಂದ್ರೆ ಬಿಸಿನೀರು ಕುಡೀರಿ ಅಂತ!"

"ಕೆಮ್ಮಿದ್ದು ನಾನಲ್ಲ, ಟೇಪು," ಎಂದೆ.

ಅವಳು ಹೊರಗೆ ಬಂದು ಇನ್ನೊಮ್ಮೆ ಕೇಳಿದಳು. "ನಲವತ್ತೈದು ವರ್ಷದಿಂದ ನಿಮ್ಮ ಕೆಮ್ಮು ಕೇಳ್ತಾ ಇದೀನಿ. ಇದು ನೀವು ಬೀಡಿ ಸೇದ್ತಿದ್ದ ಕಾಲದ ಕೆಮ್ಮೇ."

ಹೌದು, ಪಕ್ಕದ ಎಸ್ಟೇಟಿನಿಂದ ನಾನೂ ಕೆಲವು ಭಾನುವಾರ ಅಲ್ಲಿಗೆ ಹೋಗುತ್ತಿದ್ದೆ. ನಾನು ಬೀಡಿ ಬಿಟ್ಟದ್ದು ಆ ವರ್ಷ ಜನವರಿಯಲ್ಲಿ, ಕಾಂಪೌಂಡರೇ ಬೈದ ಮೇಲೆ. ನಾಲ್ಕನೇ ಕ್ಯಾಸೆಟ್ಟು ಅದಕ್ಕಿಂತ ಮುಂಚಿನದು ಎಂದು ದಾಖಲಾಯಿತು. ಸಂಶೋಧನೆಗೆ ನನ್ನ ಶ್ವಾಸಕೋಶದ ಕೊಡುಗೆ ಇಷ್ಟು.

ಇಂಥ ಯಶಸ್ಸಿನ ಮದದಲ್ಲಿದ್ದಾಗ ಏಳನೇ ಕ್ಯಾಸೆಟ್ಟನ್ನು ಕೈಗೆತ್ತಿಕೊಂಡೆವು.

ಅದರಲ್ಲಿ ಕಾಂಪೌಂಡರು ಒಂದು ಚುರುಕಾದ ಹಾಡು ಹಾಡುತ್ತಿದ್ದಾರೆ. ಡಿಸ್ಪೆನ್ಸರಿಯ ತಗಡಿನ ಮೇಲೆ ಮಳೆ ಶುರುವಾಗುತ್ತದೆ. ಗಂಡಸರು ಏನೋ ಕೂಗುತ್ತಾರೆ. ಮಳೆ ಸ್ವಲ್ಪ ತಗ್ಗುತ್ತದೆ. ಆಗ ದೂರದಲ್ಲಿ ಕೋವಿಯ ಸದ್ದು: ಢಂ. ಒಂದು ಉಸಿರಿನಷ್ಟು ಬಿಟ್ಟು ಮತ್ತೊಮ್ಮೆ, ಢಂ. ಹಾರ್ಮೋನಿಯಂ ನಿಲ್ಲುತ್ತದೆ. ಆಮೇಲೆ ಕಾಂಪೌಂಡರು ಮೊದಲಿನ ಹಾಡಿಗೆ ವಾಪಸ್ ಹೋಗದೆ, ಮಾತಿಲ್ಲದ, ಬಹಳ ನಿಧಾನದ ಒಂದು ರಾಗವನ್ನು ಎತ್ತಿಕೊಳ್ಳುತ್ತಾರೆ. ಹನ್ನೊಂದು ಕ್ಯಾಸೆಟ್ಟುಗಳಲ್ಲಿ ಅದಕ್ಕೆ ಸಮನಾದದ್ದು ಇನ್ನೊಂದಿಲ್ಲ. ಕೊನೆಯವರೆಗೂ ಅದೇ.

ಕೊಡವರ ಮನೆಗಳಲ್ಲಿ ಗಂಡು ಮಗು ಹುಟ್ಟಿದರೆ ಅಂಗಳದಿಂದ ಒಂದು ಗುಂಡು ಹಾರಿಸುತ್ತಾರೆ. ಸಾವಾದರೆ ಜೋಡಿ ಗುಂಡು, ಒಂದರ ಹಿಂದೆ ಒಂದು. ಇದು ಇಲ್ಲಿ ಮಕ್ಕಳಿಗೂ ಗೊತ್ತು. ಗುಂಡು ಕೇಳಿದ ಕೂಡಲೇ ಗದ್ದೆಯಲ್ಲಿದ್ದವರು ಕೆಲಸ ನಿಲ್ಲಿಸಿ ಎಣಿಸುತ್ತಾರೆ. ನಾವೂ ಎಣಿಸಿದೆವು. ಎರಡು. ಕಾಕ ಕಂಪ್ಯೂಟರಿನಲ್ಲಿ ಹಾಕಿ, ಪರದೆಯ ಮೇಲೆ ಎದ್ದ ಎರಡು ಗೆರೆಗಳನ್ನು ತೋರಿಸಿದರು. ಆ ನವೆಂಬರಿನಲ್ಲಿ ಅಲ್ಲೇ ಹತ್ತಿರ ಒಬ್ಬ ಹಿರಿಯರು ತೀರಿಕೊಂಡದ್ದು ನನಗೆ ನೆನಪಿತ್ತು. ನವೆಂಬರಿನಲ್ಲಿ ಮಳೆಯೂ ಬರುತ್ತದೆ. ಇನ್ನೇನು ಬೇಕು? ಷರಾ ಕಾಲಮ್ಮಿನಲ್ಲಿ ಹೀಗೆ ಬರೆದೆ: "ನವೆಂಬರ್. ಸಾವಿನ ಜೋಡಿ ಗುಂಡು. ಗಂಡಸರ ಆಘಾತದ ಉದ್ಗಾರ. ನಂತರ ಗಾಯಕರಿಂದ ಶೋಕಾಲಾಪ." ಉದ್ಗಾರ ಗುಂಡಿಗಿಂತ ಮುಂಚೆಯೇ ಇದೆಯಲ್ಲ ಎಂದು ಕಾಕ ಸಣ್ಣಗೆ ಹೇಳಿದರು. ಸಾವಿನ ಸುಳಿವು ಮೊದಲೇ ಸಿಕ್ಕಿರಬಹುದು ಎಂದೆ. ಶೋಕಾಲಾಪ ಎಂಬ ಪದ ಬರೆದಾಗಿತ್ತು. ಅಂಥ ಪದ ದಿನಾ ಸಿಗುವುದಿಲ್ಲ.

ಕಾಕ ಆ ಕ್ಯಾಸೆಟ್ಟನ್ನು ನಮ್ಮ ಷರಾ ಸಮೇತ ವಾಟ್ಸಾಪಿನಲ್ಲಿ ಕಾಂಪೌಂಡರ ಅಭಿಮಾನಿಗಳಿಗೆಲ್ಲ ಕಳಿಸಿದರು. ಅಭಿಮಾನಿಗಳೆಲ್ಲ ಕೈಮುಗಿದ ಚಿತ್ರ ಹಾಕಿದರು. ನಾಲ್ಕನೇ ದಿನ ಅಮ್ಮತ್ತಿಯಿಂದ ಒಬ್ಬ ಹೆಂಗಸು ಬಸ್ಸಿಳಿದು ನೇರ ಅಂಗಡಿಗೆ ಬಂದರು. ನಲವತ್ತು ದಾಟಿದವರು, ಅಲ್ಲಿನ ಶಾಲೆಯಲ್ಲಿ ಟೀಚರ್. ಕೈಯಲ್ಲಿ ಛತ್ರಿ, ಮುಖದಲ್ಲಿ ಉತ್ತರಪತ್ರಿಕೆ ತಿದ್ದುವ ಕಳೆ.

"ರೈಟರ್ ಅಂದ್ರೆ ನೀವಾ?"

"ಹೌದು."

"ಏಳನೇ ಕ್ಯಾಸೆಟ್ಟಲ್ಲಿ ಕೋವಿ ಹೊಡೆದದ್ದು ನನಗೆ."

ಕಾಕ ಸ್ಕ್ರೂಡ್ರೈವರ್ ಕೆಳಗಿಟ್ಟರು. "ಪಡಚೋನೇ, ದೇವರೇ! ತಾಗಿತಾ ಟೀಚರೇ?"

"ನಾನು ಹುಟ್ಟಿದ್ದಕ್ಕೆ ಹೊಡೆದದ್ದು ಅಂತ," ಎಂದರು ಟೀಚರ್, ನಗದೆ.

ಅವರ ತವರುಮನೆ ಡಿಸ್ಪೆನ್ಸರಿಯ ಕೆಳಗಿನ ಗದ್ದೆಯ ಆಚೆ ಬದಿಗೆ. ಅವರ ತಂದೆ ಹೋದ ವರ್ಷ ತೀರಿಕೊಂಡರು. ನನಗೆ ಆ ತಂದೆಯ ಪರಿಚಯವಿತ್ತು. ಆ ಬದಿಯಲ್ಲಿ ಎಲ್ಲರಿಗೂ ಇತ್ತು. ಬಾಯಿ ದೊಡ್ಡದು. ಕಾಡಾನೆಯನ್ನು ಬೈದು ಓಡಿಸಿದೆ ಎನ್ನುತ್ತಿದ್ದರು, ಬೈದ ಮಾತುಗಳನ್ನೂ ಹೇಳಿ ತೋರಿಸುತ್ತಿದ್ದರು.

"ನಮ್ಮಪ್ಪ ಹೇಳಿದ್ದರಲ್ಲಿ ಮುಕ್ಕಾಲು ಸುಳ್ಳು, ನನಗೂ ಗೊತ್ತು," ಎಂದರು ಟೀಚರ್. "ಊರವರ ಜೊತೆ ನಾನೂ ನಕ್ಕಿದ್ದೇನೆ. ಒಂದು ಮಾತಿಗೆ ಮಾತ್ರ ಯಾವತ್ತೂ ನಗಲಿಲ್ಲ. ನೀನು ಹುಟ್ಟಿದಾಗ ಗಂಡು ಮಗುವಿಗೆ ಹಾರಿಸಿದ ಹಾಗೇ ಒಂದು ಗುಂಡು ಹಾರಿಸಿದ್ದೇನೆ ಅಂತ ಹೇಳ್ತಾ ಇದ್ದರು. ಮನೆಯಲ್ಲಿ ಯಾರೂ ನಂಬೋದಿಲ್ಲ. ನಮ್ಮ ಮಾವಿ, ಅಂದ್ರೆ ಅಪ್ಪನ ಅಕ್ಕ, ಆ ದಿನ ಮನೆಯಲ್ಲೇ ಇದ್ದವರು. ಮೊನ್ನೆ ಅಪ್ಪನ ವರ್ಷದ ಕಾರ್ಯಕ್ಕೆ ಎಲ್ಲರೂ ಸೇರಿದ್ದಾಗ ಮತ್ತೆ ಹೇಳಿದ್ರು: 'ಹೆಣ್ಣು ಹುಟ್ಟಿದ್ದಕ್ಕೆ ಯಾರಾದ್ರೂ ಗುಂಡು ಹಾರಿಸ್ತಾರಾ? ಅದು ಗದ್ದೆಗೆ ಬಂದ ಹಂದಿಗೆ. ಅದೂ ತಪ್ಪಿತು.' ಎಲ್ಲ ನಕ್ಕರು. ಅಪ್ಪ ಇದ್ದಿದ್ರೆ ಜಗಳ ಆಡ್ತಿದ್ದರು. ಈಗ ಅವರ ಪರವಾಗಿ ಮಾತಾಡೋಕೆ ನಾನೊಬ್ಬಳೇ. ನನ್ನ ಹತ್ತಿರ ಸಾಕ್ಷಿ ಇಲ್ಲ. ನಿಮ್ಮ ಹತ್ತಿರ ಇದೆ."

ಸಮಿತಿ ಗಂಭೀರವಾಯಿತು. ನಾನು ಹಾಜರಿ ಪುಸ್ತಕ ತೆರೆದು ಏಳನೇ ಸಾಲನ್ನು ಅವರ ಕಡೆ ತಿರುಗಿಸಿದೆ. "ಟೀಚರ್, ದಾಖಲೆ ಹೀಗಿದೆ. ಗುಂಡು ಎರಡು. ಕಾಲ ನವೆಂಬರ್."

"ನಾನು ಹುಟ್ಟಿದ್ದು ಹೂಮಳೆ ಬಿದ್ದ ದಿನ."

ಮಾರ್ಚಿನ ಹೊತ್ತಿಗೆ ಒಣಗಿ ನಿಂತ ಕಾಫಿ ಗಿಡಕ್ಕೆ ಒಂದು ಒಳ್ಳೆ ಮಳೆ ಬಿದ್ದರೆ ಎಂಟು ದಿನದಲ್ಲಿ ತೋಟ ಬೆಳ್ಳಗೆ ಹೂ ಬಿಡುತ್ತದೆ, ಅದು ಹೂಮಳೆ. ಆ ಮಳೆಗಾಗಿ ಇಡೀ ಕೊಡಗು ಆಕಾಶ ನೋಡುತ್ತಾ ಕೂತಿರುತ್ತದೆ.

"ಶಾಲೆಯ ಸರ್ಟಿಫಿಕೇಟಿನಲ್ಲಿ ಏನಿದೆ?" ಎಂದೆ.

"ಜೂನ್ ಒಂದು. ನಮ್ಮ ತರಗತಿಯ ಮೂವತ್ತು ಮಕ್ಕಳೂ ಜೂನ್ ಒಂದಕ್ಕೇ ಹುಟ್ಟಿದ್ದು. ಹೆಡ್‌ಮಾಸ್ಟರಿಗೆ ಬೇರೆ ತಾರೀಕು ಗೊತ್ತಿರಲಿಲ್ಲ." ಟೀಚರ್ ಸ್ಟೂಲು ಎಳೆದುಕೊಂಡು ಕೂತರು. "ಆ ಗಂಡಸರು ಕೂಗೋದನ್ನ ಹಾಕಿ ಕಾಕಾ."

ಕಾಕ ಹಾಕಿದರು. ತಗಡಿನ ಮೇಲೆ ಮಳೆ. ನಾಲ್ಕಾರು ಗಂಟಲುಗಳು ಒಟ್ಟಿಗೆ: ಹೋಯ್! ಬಂತು ಬಂತು!

"ನವೆಂಬರಿನಲ್ಲಿ ಭತ್ತ ಕೊಯ್ಲಿಗೆ ನಿಂತಿರುತ್ತೆ. ಮಳೆ ಬಂದ್ರೆ ಯಾರಾದ್ರೂ 'ಬಂತು ಬಂತು' ಅಂತ ಕುಣೀತಾರಾ ರೈಟ್ರೇ?"

ಕಾಕ ನನ್ನನ್ನು ನೋಡಿದರು. ನಾನು ಗೋಡೆಯ ಮೇಲಿದ್ದ, ಹೋದ ವರ್ಷದ ಕ್ಯಾಲೆಂಡರನ್ನು ನೋಡಿದೆ. ಮೂವತ್ತಾರು ವರ್ಷ ಮಳೆ ಅಳೆದವನು ನಾನು. ಹೂಮಳೆಗೆ ಮಾಲಿಕರಿಂದ ಹಿಡಿದು ಲೈನಿನ ಕೂಸಿನವರೆಗೆ ಎಲ್ಲರೂ ಹೊರಗೆ ಓಡಿ ಬಂದು ಕೂಗುವುದನ್ನು ಮೂವತ್ತಾರು ಸಲ ಕಂಡವನು. ನಾನು ಅದನ್ನು ಆಘಾತದ ಉದ್ಗಾರ ಎಂದು ಬರೆದಿದ್ದೆ, ಇಂಕಿನಲ್ಲಿ.

ಆ ದಿನವೇ ಮನೆಗೆ ಹೋಗಿ ನನ್ನ ಹಳೆಯ ಮಳೆಪುಸ್ತಕ ತೆಗೆದೆ. ಎಸ್ಟೇಟಿನದು ಎಸ್ಟೇಟಿನಲ್ಲಿ ಉಳಿಯಿತು. ನನ್ನ ಖಾಸಗಿ ಪ್ರತಿಯೊಂದು ಯಾವಾಗಲೂ ಇರುತ್ತಿತ್ತು. ಆ ವರ್ಷದ ಮಾರ್ಚಿನಲ್ಲಿ ನನ್ನದೇ ಅಕ್ಷರದಲ್ಲಿ, ಒಂದು ಭಾನುವಾರದ ಎದುರು: "ಹೂಮಳೆ. ಮಧ್ಯಾಹ್ನ ಮೂರಕ್ಕೆ. ಒಂದು ಇಂಚು ಹತ್ತು ಸೆಂಟು." ಆ ಭಾನುವಾರ ನಾನು ಅಳತೆಯ ಡಬ್ಬಿಯ ಮುಂದೆ ಕಾವಲು ಕೂತಿದ್ದರಿಂದಲೇ ಡಿಸ್ಪೆನ್ಸರಿಯ ಜಗಲಿಗೆ ಹೋಗಿರಲಿಲ್ಲ. ಆ ಎಂಟು ತಿಂಗಳಲ್ಲಿ ಇದ್ದದ್ದು ಒಂದೇ ಹೂಮಳೆ. ತಾರೀಕಿನ ಮಟ್ಟಿಗೆ ಟೀಚರ್ ಗೆದ್ದಿದ್ದರು.

ಆದರೆ ಗುಂಡು ಎರಡೇ ಉಳಿದಿತ್ತು. "ತಾರೀಕು ಒಪ್ಪಿದೆ, ಸಂಖ್ಯೆ ಒಪ್ಪಿಲ್ಲ," ಎಂದು ನಾನು ಫೋನಿನಲ್ಲಿ ತಿಳಿಸಿದೆ. "ಅದೇ ದಿನ ಬೇರೆ ಮನೆಯಲ್ಲಿ ಸಾವಾಗಿರಬಹುದಲ್ಲ?"

"ನಮ್ಮ ಗದ್ದೆಯ ಎದುರು ಕಲ್ಲುಬೆಟ್ಟ ಇದೆ," ಎಂದರು ಟೀಚರ್. "ಭಾನುವಾರ ಬನ್ನಿ. ನಿಮ್ಮ ಕಿವಿಯಿಂದಲೇ ಎಣಿಸಿ."

ಹೀಗೆ ಸಮಿತಿಯ ಮೊದಲ ಹಾಗೂ ಕೊನೆಯ ಕ್ಷೇತ್ರಕಾರ್ಯ ಏರ್ಪಾಡಾಯಿತು. ನಾನೂ ಕಾಕನೂ ಹಳೆಯ ಡಿಸ್ಪೆನ್ಸರಿಯ ಜಗಲಿಯಲ್ಲಿ, ಕಾಂಪೌಂಡರು ಕೂರುತ್ತಿದ್ದ ಜಾಗದಲ್ಲಿ ಕೂರುವುದು; ಗದ್ದೆಯಾಚೆಯ ಅಂಗಳದಿಂದ ಟೀಚರ ತಮ್ಮ, ಅಂದರೆ ಚಿಕ್ಕಪ್ಪನ ಮಗ, ಒಂದೇ ಒಂದು ಗುಂಡು ಹಾರಿಸುವುದು. ಅವರು ಮೊದಲು ಒಪ್ಪಲಿಲ್ಲವಂತೆ. "ಸುಮ್ಮನೆ ಹಾರಿಸಿದ್ರೆ ಊರವರು ಬಂದು ಮಗು ಎಲ್ಲಿ ಅಂತ ಕೇಳ್ತಾರೆ ಅಕ್ಕ. ನನಗೆ ಮದುವೆನೇ ಆಗಿಲ್ಲ." ಕೊನೆಗೆ ಸುತ್ತಲಿನ ಮನೆಗಳಿಗೆಲ್ಲ ಮೊದಲೇ ಹೇಳಿ ಬರುವುದೆಂದು ತೀರ್ಮಾನವಾಯಿತು. ಟೀಚರ್ ಮನೆ ಮನೆಗೆ ಹೋಗಿ ಹೇಳಿಬಂದರು. ಲೈನ್ ಮನೆಗಳು ಮಾತ್ರ ನಮ್ಮ ಪಾಲಿಗೆ ಬಂದಿದ್ದವು, ನಾವು ಮರೆತೆವು.

ಡಿಸ್ಪೆನ್ಸರಿಯಲ್ಲಿ ಈಗ ಕರಿಮೆಣಸಿನ ಚೀಲ ತುಂಬಿದ್ದಾರೆ. ಜಗಲಿ ಹಾಗೇ ಇದೆ, ಬೆಂಚಿಲ್ಲ. ನಾವು ಮೆಟ್ಟಿಲ ಮೇಲೆ ಕೂತೆವು. ಕಾಕ ಮೊಬೈಲನ್ನು ರೆಕಾರ್ಡಿಗೆ ಹಾಕಿ, ಡ್ರೈವರ್ ಇಡುತ್ತಿದ್ದ ಜಾಗ ಎಂದು ತಾವು ನಿಶ್ಚಯಿಸಿದಲ್ಲಿ ಇಟ್ಟರು. ಗದ್ದೆಯಾಚೆ ಟೀಚರ್ ಬಿಳಿ ಟವೆಲ್ ಬೀಸಿದರು.

ಢಂ.

ಒಂದು ಉಸಿರು ಬಿಟ್ಟು, ಎಡಗಡೆಯ ಕಲ್ಲುಬೆಟ್ಟದಿಂದ, ಸ್ವಲ್ಪ ದಪ್ಪ ಗಂಟಲಲ್ಲಿ: ಢಂ.

ಕಾಕ ಎರಡು ಬೆರಳು ಎತ್ತಿದರು, ಆಮೇಲೆ ಒಂದನ್ನು ಮಡಚಿದರು. ನಾವು ಮುಖ ಮುಖ ನೋಡಿಕೊಳ್ಳುತ್ತಿದ್ದಂತೆ ಲೈನಿನ ಕಡೆಯಿಂದ ಒಬ್ಬ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಬರುವುದು ಕಾಣಿಸಿತು. ಎಸ್ಟೇಟಿನಲ್ಲಿ ಐವತ್ತು ವರ್ಷ ಹಣ್ಣು ಕಿತ್ತವರು. ಮೆಟ್ಟಿಲ ಹತ್ತಿರ ನಿಂತು ಕೇಳಿದರು:

"ಯಾರ ಮನೆಯಲ್ಲಿ ಮಗು?"

ನಾನು ಎದ್ದು ನಿಂತೆ. "ಅಮ್ಮಾ, ನಿಮಗೆ ಎಷ್ಟು ಗುಂಡು ಕೇಳಿಸಿತು?"

"ಒಂದು."

"ಎರಡು ಸದ್ದು ಬಂತಲ್ಲ," ಎಂದರು ಕಾಕ.

"ಎರಡನೇದು ಬೆಟ್ಟದ್ದಲ್ವಾ?" ಅಜ್ಜಿ ನಮ್ಮಿಬ್ಬರನ್ನೂ ಅನುಕಂಪದಿಂದ ನೋಡಿದರು. "ಈ ಬೆಟ್ಟ ಯಾವತ್ತು ಸುಮ್ಮನಿತ್ತು? ಯಾರಾದ್ರೂ ಸತ್ರೆ ಇಲ್ಲಿ ನಾಲ್ಕು ಕೇಳ್ತದೆ. ಮಗು ಎಲ್ಲಿ ಹೇಳಿ ಸ್ವಾಮಿ, ನೋಡಿಕೊಂಡು ಬರ್ತೇನೆ."

"ಮಗುವಿಗೆ ಈಗ ನಲವತ್ತು ದಾಟಿದೆ ಅಮ್ಮಾ," ಎಂದೆ. "ಅಗೋ, ಟವೆಲ್ ಬೀಸುತ್ತಾ ಇದೆ."

ಕಾಂಪೌಂಡರು ಆ ಜಗಲಿಯಲ್ಲಿ ವರ್ಷಗಟ್ಟಲೆ ಕೂತವರು. ಬೆಟ್ಟದ ಅಭ್ಯಾಸ ಅವರಿಗೂ ಗೊತ್ತಿತ್ತು. ಕೂತಿದ್ದ ಯಾರಿಗೂ ಅದು ಸಾವೆಂದು ಅನಿಸಿರಲು ಸಾಧ್ಯವಿಲ್ಲ. ಎಣಿಸಿದರು, ಒಂದು, ಎಲ್ಲೋ ಮಗು ಹುಟ್ಟಿದೆ. ಆಮೇಲೆ ಎತ್ತಿಕೊಂಡ ಆ ನಿಧಾನದ ರಾಗವನ್ನು ಕಾಕ ಮೊಬೈಲಿನಲ್ಲಿ ಹಾಕಿದರು. ಅಜ್ಜಿ ಮೆಟ್ಟಿಲ ಮೇಲೆ ಕೂತು, ಯಾರೂ ಕೇಳದೆಯೇ, ತೊಡೆಯನ್ನು ಮೆಲ್ಲಗೆ ಅಲ್ಲಾಡಿಸತೊಡಗಿದರು, ಕೂಸು ಮಲಗಿಸುವ ಹಾಗೆ. ನನ್ನ ಶೋಕಾಲಾಪ ಅಲ್ಲಿಗೆ ಮುಗಿಯಿತು.

ಆದರೆ ಟೀಚರ ಕೆಲಸ ಮುಗಿದಿರಲಿಲ್ಲ. ಒಂದು ಗುಂಡು ಎಂದರೆ ಸಾವಲ್ಲ ಎಂದಾಯಿತು. ಹಂದಿಯೂ ಒಂದೇ ಗುಂಡಿಗೆ ಅರ್ಹ. ಅವರು ಗದ್ದೆಯ ಬದುವಿನ ಮೇಲೆ ಅರ್ಧ ದಾರಿ ಎದುರು ಬಂದು, "ಬನ್ನಿ, ಮಾವಿ ಹತ್ತಿರ ಹೋಗೋಣ," ಎಂದು ನಮ್ಮನ್ನು ಕರೆದುಕೊಂಡು ಹೋದರು. ನಾವು ಸಾಕ್ಷಿಗಳಾಗಿ ಹಿಂದೆ ನಡೆದೆವು.

ಮಾವಿ ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ಎಂಬತ್ತು ಮೀರಿದವರು, ಬೆನ್ನು ನೆಟ್ಟಗೆ. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಯಾವ ಎಸ್ಟೇಟಿನ ರೈಟರ್?" ಎಂದು ಕೇಳಿದರು. ಹೇಳಿದೆ. "ಅಲ್ಲಿ ಕಾಫಿ ಕಳ್ಳತನ ಆಗ್ತಿತ್ತಲ್ಲ," ಎಂದರು. ನಾನು ಸೇರುವ ಮುಂಚೆ ಎಂದೆ. ನಂಬಿದ ಹಾಗೆ ಕಾಣಲಿಲ್ಲ.

ಟೀಚರ್ ಏನೂ ಪೀಠಿಕೆ ಹಾಕದೆ ಮೊಬೈಲನ್ನು ಅವರ ಕಿವಿಯ ಹತ್ತಿರ ಹಿಡಿದರು. ಹಾಡು. ಮಳೆ. ಬಂತು ಬಂತು. ಢಂ, ಢಂ.

ಮಾವಿ ಒಂದು ಬೆರಳು ಎತ್ತಿದರು. "ನಮ್ಮ ಕೋವಿ."

"ನಮ್ಮದೇ ಅಂತ ಹೇಗೆ ಗೊತ್ತು ಮಾವಿ?"

"ಮನೆಯ ಕೋವಿಯ ಸದ್ದು ಗೊತ್ತಾಗೋದಿಲ್ಲವಾ? ಬಾಯಿ ಒಡೆದ ಪಾತ್ರೆ ಹಾಗೆ. ಆಮೇಲೆ ಅದನ್ನು ಕೊಟ್ಟು ಬೇರೆ ತಂದರು."

"ಅವತ್ತು ಹೂಮಳೆ ಬಿದ್ದ ದಿನ. ಹೌದಾ?"

"ಹೌದು. ನೀನು ಹುಟ್ಟಿದ ದಿನ. ನಾನು ಇಲ್ಲ ಅಂದೆನಾ?"

"ಹೂಮಳೆ ಹೊತ್ತಿಗೆ ಗದ್ದೆಯಲ್ಲಿ ಎಂತ ಇತ್ತು ಮಾವಿ, ಹಂದಿಗೆ?"

ಭತ್ತ ಕೊಯ್ದು, ಬಡಿದು, ಪುತ್ತರಿ ಹಬ್ಬ ಮುಗಿಸಿ ಮೂರು ತಿಂಗಳಾದ ಮೇಲೆ ಗದ್ದೆಯಲ್ಲಿ ಏನಿರುತ್ತದೆ?

"ಭತ್ತ ಕೊಯ್ದ ಕೂಳೆ," ಎಂದರು ಮಾವಿ.

"ಒಣಗಿದ ಕೂಳೆ ತಿನ್ನೋಕೆ ಮಧ್ಯಾಹ್ನ ಮೂರು ಗಂಟೆಗೆ, ಮಳೆಯಲ್ಲಿ, ಜನ ಕೂಗೋ ಹೊತ್ತಿಗೆ ಹಂದಿ ಬಂತಾ?"

ಕಾಕ ನನ್ನ ಮೊಣಕೈ ಹಿಡಿದುಕೊಂಡರು. ಮಾವಿ ಮೊಬೈಲನ್ನು ಟೀಚರ ಕೈಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡರು. ಕಾಂಪೌಂಡರು ಅದರಲ್ಲಿ ನಿಧಾನವಾಗಿ ಹಾಡುತ್ತಲೇ ಇದ್ದರು.

"ನಿನ್ನ ಅಜ್ಜ ಒಳಗೆ ಮಲಗಿದ್ದರು," ಎಂದರು, ಯಾರ ಮುಖವನ್ನೂ ನೋಡದೆ. "ಸದ್ದಿಗೆ ಎದ್ದು ಬಂದು, ಕೋವಿ ತೆಗೆದದ್ದು ಯಾರು ಅಂತ ಕೇಳಿದ್ರು. ಅವರನ್ನ ಕೇಳದೆ ಆ ಕೋವಿಯನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ನಿನ್ನ ಅಪ್ಪ ಅಂಗಳದಲ್ಲಿ ನೆನೆದುಕೊಂಡು ನಗ್ತಾ ನಿಂತಿದ್ದಾನೆ, ಹುಚ್ಚನ ಹಾಗೆ. ಹೆಣ್ಣಿಗೆ ಹಾರಿಸಿದ ಅಂತ ಗೊತ್ತಾಗಿದ್ರೆ ಅವತ್ತೇ ಮನೆಯಿಂದ ಹೊರಗೆ ಹಾಕ್ತಿದ್ರು. ಬಾಣಂತಿ ಒಳಗೆ, ಆಗಷ್ಟೇ ಹುಟ್ಟಿದ ಕುಂಞಿ ಒಳಗೆ. ನಾನು ಮುಂದೆ ಹೋಗಿ ಹೇಳಿದೆ, ಹಂದಿ ಬಂತು ಅಂತ. ಎಲ್ಲಿ ಹಂದಿ ಅಂದ್ರು. ತಪ್ಪಿತು ಅಂದೆ."

"ಅಪ್ಪ ಏನು ಹೇಳಿದ್ರು?"

"ಏನು ಹೇಳ್ತಾನೆ? ಈ ಬದಿಯಲ್ಲಿ ಅವನಷ್ಟು ಗುರಿ ಯಾರಿಗಿತ್ತು? ಆದರೂ ತಲೆ ತಗ್ಗಿಸಿ, ಹೌದಪ್ಪ ತಪ್ಪಿತು ಅಂದ. ಆಮೇಲೆ ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿ ಇಡುವಾಗ ಪ್ರತಿ ವರ್ಷ ನಿನ್ನ ಅಜ್ಜ ಎಲ್ಲರ ಮುಂದೆ ಅಂತಿದ್ರು, ಇವನು ಹಂದಿಯಷ್ಟು ದೊಡ್ಡದನ್ನೇ ತಪ್ಪಿಸಿದವನು ಅಂತ. ಇವನು ಒಂದು ಮಾತು ಆಡ್ತಿರಲಿಲ್ಲ. ಅಷ್ಟು ಬಾಯಿ ಇದ್ದವನು."

"ಅಜ್ಜ ಹೋಗಿ ಎಷ್ಟು ವರ್ಷ ಆಯ್ತು ಮಾವಿ. ಆಮೇಲಾದರೂ ಹೇಳಬಹುದಿತ್ತಲ್ಲ?"

"ಒಮ್ಮೆ ಹಂದಿ ಅಂದ ಮೇಲೆ ಹಂದಿಯೇ," ಎಂದರು ಮಾವಿ.

ಷರಾ ಕಾಲಮ್ಮನ್ನು ಇಂಕಿನಲ್ಲಿ ತುಂಬುವವನಾದ ನನಗೆ ಈ ಮಾತಿನಲ್ಲಿ ಏನೂ ತಪ್ಪು ಕಾಣಲಿಲ್ಲ.

ಟೀಚರ್ ಅಳಲಿಲ್ಲ. ಮೊಬೈಲನ್ನು ಮಾವಿಯ ಮಡಿಲಲ್ಲೇ ಬಿಟ್ಟು, ಎಲ್ಲರಿಗೂ ಕಾಫಿ ತರುತ್ತೇನೆಂದು ಒಳಗೆ ಹೋದರು. ಬಹಳ ಹೊತ್ತು ತಗೊಂಡರು. ನನ್ನ ಲೋಟಕ್ಕೆ ಎರಡು ಸಲ ಸಕ್ಕರೆ ಬಿದ್ದಿತ್ತು, ಕಾಕನದಕ್ಕೆ ಬಿದ್ದೇ ಇರಲಿಲ್ಲ. ಸಮಿತಿ ಇದನ್ನು ದಾಖಲಿಸಲಿಲ್ಲ. ನಾವು ಹೊರಟು ನಿಂತಾಗ ಮಾವಿ ಮೊಬೈಲನ್ನು ಎತ್ತಿ ಹಿಡಿದು, "ಇದನ್ನ ಇನ್ನೊಮ್ಮೆ ಹಾಕಿ ಕೊಟ್ಟು ಹೋಗು ಕುಂಞಿ," ಎಂದು ಟೀಚರನ್ನು ಗಟ್ಟಿಯಾಗಿ ಕರೆದರು. ಟೀಚರ್ ಹಾಕಿ ಕೊಟ್ಟರು. ಗೇಟಿನವರೆಗೂ ನಮಗೆ ಅದು ಕೇಳಿಸುತ್ತಿತ್ತು.

ಮುಂದಿನ ಶನಿವಾರ ಟೀಚರ್ ಅಂಗಡಿಗೆ ಬಂದರು. ಕಾಕ ಮೂರನೇ ಸ್ಟೂಲೊಂದನ್ನು ಎಲ್ಲಿಂದಲೋ ತಂದಿಟ್ಟಿದ್ದರು. ಅವರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳುವ ಪ್ರಸ್ತಾಪಕ್ಕೆ ಯಾರೂ ವಿರೋಧಿಸಲಿಲ್ಲ. ಅಧ್ಯಕ್ಷರನ್ನಾಗಿ ಮಾಡುವ ಪ್ರಸ್ತಾಪವನ್ನು ಅವರೇ ಮುಂದೂಡಿದರು. ಆಮೇಲೆ ಹಾಜರಿ ಪುಸ್ತಕ ತೆರೆದೆ. ಇಂಥ ಪುಸ್ತಕದಲ್ಲಿ ತಪ್ಪನ್ನು ಉಜ್ಜುವುದು, ಹಾಳೆ ಹರಿಯುವುದು ನಿಷಿದ್ಧ. ಹಳೆಯದು ಓದಲು ಸಿಗುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಹಾಕಬೇಕು. ಮೂವತ್ತಾರು ವರ್ಷದಲ್ಲಿ ಅಂಥ ಗೆರೆಗಳನ್ನು ನಾನು ಬೇಕಾದಷ್ಟು ಎಳೆದಿದ್ದೇನೆ. ಶೋಕಾಲಾಪದ ಮೇಲೆ ಎಳೆಯುವಾಗ ಮಾತ್ರ ಕೈ ಸ್ವಲ್ಪ ತಡೆಯಿತು. ಟೀಚರ್ ನೋಡುತ್ತಿದ್ದರು, ಎಳೆದೆ.

ಏಳನೇ ಸಾಲು ಈಗ ಹೀಗಿದೆ. ಮೂವರ ಸಹಿಯೂ ಇದೆ, ಸಂಶಯವಿದ್ದವರು ಅಂಗಡಿಗೆ ಬಂದು ನೋಡಬಹುದು:

"ಮಾರ್ಚ್, ಭಾನುವಾರ, ಮಧ್ಯಾಹ್ನ ಮೂರರ ನಂತರ. ಹಾಡು ಮತ್ತು ಹಾರ್ಮೋನಿಯಂ: ಕಾಂಪೌಂಡರು. ಮಳೆ: ಒಂದು ಇಂಚು ಹತ್ತು ಸೆಂಟು. ಕೂಗಿದವರು: ಸಂತೋಷಗೊಂಡ ಗಂಡಸರು. ಗುಂಡು: ಒಂದು. ಎರಡನೇ ಸದ್ದು: ಎದುರಿನ ಬೆಟ್ಟ. ನಂತರದ ರಾಗ: ಜೋಗುಳ. ಗುಂಡು ಹಾರಿಸಿದವರು: ಮೂರನೇ ಸದಸ್ಯರ ತಂದೆ. ಕಾರಣ: ಮೂರನೇ ಸದಸ್ಯರು."